ನಮ್ಮವರು ಮಳೆಯಲ್ಲಿ ಒದ್ದೆಯಾಗುತ್ತಿದ್ದ ಬಗೆ

ನಮ್ಮವರಿಗೆ ಮಳೆ ತಾಗುವುದಿಲ್ಲ. ಸುತ್ತಿ ಬಳಸಿ ಹೇಳುವ ಸ್ವಭಾವ ನನ್ನದಲ್ಲ, ಅದಕ್ಕೇ ಮೊದಲೇ ಹೇಳಿಬಿಡುತ್ತಿದ್ದೇನೆ. ಬಾವಿಯ ನೀರು ತಾಗುತ್ತದೆ, ನಲ್ಲಿಯ ನೀರು ತಾಗುತ್ತದೆ, ತುಂಗಭದ್ರೆಯಲ್ಲಿ ಮುಳುಗಿದರೆ ಎಲ್ಲರ ಹಾಗೆ ತೊಯ್ದು ತೊಪ್ಪೆಯಾಗಿ ಮೇಲೇಳುತ್ತೇವೆ. ಆಕಾಶದಿಂದ ಬೀಳುವ ಹನಿ ಮಾತ್ರ ನಮ್ಮ ಮೈ, ನಾವು ಉಟ್ಟ ಬಟ್ಟೆ, ಕೈಯಲ್ಲಿ ಹಿಡಿದ ವಸ್ತು ಇವುಗಳಿಂದ ಗೇಣುದ್ದ ದೂರದಲ್ಲೇ ಪಕ್ಕಕ್ಕೆ ಸರಿದು ನೆಲಕ್ಕೆ ಹೋಗುತ್ತದೆ. ಯಾಕೆ ಹೀಗೆ ಎಂದು ಚಿಕ್ಕಂದಿನಲ್ಲಿ ಅಪ್ಪನನ್ನು ಕೇಳಿದ್ದೆ. "ನಿನ್ನ ಮೂಗು ಯಾಕೆ ಮುಖದ ನಡುವೆ ಐತೆ? ಹಂಗೇ ಇದೂನು" ಎಂದಿದ್ದರು. ಅದಕ್ಕಿಂತ ಹೆಚ್ಚಿನ ಉತ್ತರ ನನಗೆ ಇವತ್ತಿಗೂ ಸಿಕ್ಕಿಲ್ಲ.

ಕೇಳಿದವರಿಗೆ ಇದು ದೊಡ್ಡ ವರ ಅನ್ನಿಸಬಹುದು. ವರವೂ ಇಲ್ಲ, ಮಣ್ಣೂ ಇಲ್ಲ. ಊರಿನವರಿಗೆ ಗೊತ್ತಾಯಿತು ಎಂದಿಟ್ಟುಕೊಳ್ಳಿ. ಮಳೆ ಬಾರದ ವರ್ಷ ಇವರ ದೆಸೆಯಿಂದಲೇ ಮಳೆ ಹೋಯಿತು ಎಂದು ಮನೆಯ ಹೆಂಚು ಒಡೆಯುತ್ತಾರೆ. ಬಂದ ವರ್ಷ ಹಣೆಗೆ ಕುಂಕುಮ ಬಳಿದು ಕಟ್ಟೆಯ ಮೇಲೆ ಕೂರಿಸಿ ಕಾಯಿ ಒಡೆಯುತ್ತಾರೆ. ನಮಗೆ ಎರಡೂ ಬೇಡವಾಗಿತ್ತು. ನಾಲ್ಕು ಜನರ ನಡುವೆ ನಾಲ್ಕು ಜನರ ಹಾಗೆ ಇದ್ದುಕೊಂಡು, ಮಕ್ಕಳಿಗೆ ಒಂದು ನೌಕರಿ ಕೊಡಿಸಿ, ನೆಮ್ಮದಿಯಾಗಿ ಸಾಯಬೇಕು ಎಂಬುದಷ್ಟೇ ನಮ್ಮ ಹಿರಿಯರ ಆಸೆ. ಹಾಗಾಗಿ ಮಳೆಗಾಲದಲ್ಲಿ ಒದ್ದೆಯಾಗುವುದು ನಮ್ಮ ಮನೆಗಳಲ್ಲಿ ಮಕ್ಕಳಿಗೆ ಅಕ್ಷರಕ್ಕಿಂತ ಮೊದಲು ಕಲಿಸುವ ವಿದ್ಯೆಯಾಗಿತ್ತು.

ನಾವಿದ್ದದ್ದು ನ್ಯಾಮತಿಯಲ್ಲಿ. ಆಗಿನ್ನೂ ಅದು ಹೊನ್ನಾಳಿ ತಾಲ್ಲೂಕಿಗೆ ಸೇರಿತ್ತು. ಆರಿದ್ರಾ ಮಳೆ ಹಿಡಿಯಿತೆಂದರೆ ಪುಷ್ಯ, ಆಶ್ಲೇಷ ಮುಗಿಯುವವರೆಗೆ ನಮಗೆ ಉಸಿರಾಡಲು ಪುರಸತ್ತಿರುತ್ತಿರಲಿಲ್ಲ. ಹಿತ್ತಲ ಬಾಗಿಲ ಹತ್ತಿರ ನೀರು ತುಂಬಿದ ಎರಡು ಕೊಡ ಯಾವಾಗಲೂ ಇರುತ್ತಿದ್ದವು. ಹೊರಗೆ ಹೋಗುವಾಗ ಒಂದು ಸೀಸೆಯಲ್ಲಿ ನೀರು ತುಂಬಿ ಚೀಲದಲ್ಲಿ ಇಟ್ಟುಕೊಳ್ಳಬೇಕು. ಶಾಲೆಯೋ ಅಂಗಡಿಯೋ ಹತ್ತಿರ ಬಂದಾಗ ಗೋಡೆಯ ಮರೆಗೆ ಹೋಗಿ ಸುರಿದುಕೊಂಡು, ನಂತರ ನಾಲ್ಕು ಜನರ ಮುಂದೆ ಕಾಣಿಸಿಕೊಳ್ಳಬೇಕು. ಹಾಗೆಂದು ಸುಮ್ಮನೆ ನೆತ್ತಿಯ ಮೇಲೆ ಸುರಿದರೆ ಆಗುವುದಿಲ್ಲ. ಗಾಳಿ ಎತ್ತಣಿಂದ ಬೀಸುತ್ತಿದೆ ನೋಡಿ ಆ ಕಡೆಯ ಹೆಗಲಿಗೆ ಹೆಚ್ಚು, ಈ ಕಡೆಗೆ ಕಡಿಮೆ. ಜಿಟಿಜಿಟಿ ಮಳೆಯಾದರೆ ಇಸ್ತ್ರಿ ಮಾಡುವವನು ಬಟ್ಟೆಗೆ ಚಿಮುಕಿಸುವ ಹಾಗೆ ಬೆರಳಿನಿಂದ ಚಿಮುಕಿಸಿಕೊಳ್ಳಬೇಕು. ಛತ್ರಿಯನ್ನೂ ಒದ್ದೆ ಮಾಡಬೇಕು, ಏಕೆಂದರೆ ನಮ್ಮ ಕೈಯಲ್ಲಿದ್ದರೆ ಅದೂ ಒಣಗಿಯೇ ಇರುತ್ತದೆ. ಒಳಗೆ ಬಂದ ಮೇಲೆ ಎರಡು ಸಲ ಸೀನಬೇಕು. ಅಪ್ಪನ ಸೀನು ನಮ್ಮ ಬಳಗದಲ್ಲೇ ಹೆಸರುವಾಸಿ. ಅವರು ಸೀನಿದರೆ ಪಕ್ಕದ ಮನೆಯವರು ಕಷಾಯ ಕಾಸಿ ಕಳಿಸುತ್ತಿದ್ದರು.

ನನಗೆ ಈ ವಿದ್ಯೆ ಚೆನ್ನಾಗಿ ಹತ್ತಲಿಲ್ಲ. ನನ್ನದು ದುಡುಕು ಸ್ವಭಾವ. ಸೀಸೆ ಬಗ್ಗಿಸಿ ದಬದಬ ಸುರಿದುಕೊಂಡು ಹೋಗುತ್ತಿದ್ದೆ. ನನಗಿಂತ ಐದು ವರ್ಷ ಚಿಕ್ಕವಳಾದ ತಂಗಿ ಮಾತ್ರ ಇದರಲ್ಲಿ ಎತ್ತಿದ ಕೈ. ಸೀರೆಯ ನೆರಿಗೆ ಎಲ್ಲಿ ಅಂಟಬೇಕು, ಜಡೆಯ ತುದಿಯಿಂದ ಎಷ್ಟು ಹನಿ ತೊಟ್ಟಿಕ್ಕಬೇಕು ಎಂಬುದೆಲ್ಲ ಅವಳಿಗೆ ಕರಗತ. ಅವಳು ಒದ್ದೆಯಾಗಿ ಬಂದರೆ ಅಮ್ಮನೇ ಒಂದು ಗಳಿಗೆ ಗಾಬರಿಯಾಗಿ ಟವೆಲ್ಲು ಹುಡುಕುತ್ತಿದ್ದಳು.

ನಮ್ಮಂಥವರ ಮನೆಗಳು ಹೆಚ್ಚಿರಲಿಲ್ಲ. ನ್ಯಾಮತಿಯಲ್ಲಿ ನಾವು, ಚನ್ನಗಿರಿ ಕಡೆ ಒಂದೆರಡು ಮನೆ, ಉಳಿದವರೆಲ್ಲ ಜಗಳೂರಿನಲ್ಲಿ. ಜಗಳೂರು ಯಾಕೆಂದರೆ ಅಲ್ಲಿ ಮಳೆ ಕಡಿಮೆ. ಬೇರೆಯವರು ಮಳೆ ಬೆಳೆ ನೋಡಿ ಹೆಣ್ಣು ಕೊಟ್ಟರೆ, ನಾವು ಮಳೆ ಇಲ್ಲದ್ದನ್ನು ನೋಡಿ ಕೊಡುತ್ತಿದ್ದೆವು. ದಾರಿಯಲ್ಲಿ ಒಬ್ಬರನ್ನೊಬ್ಬರು ಕಂಡರೆ ಗುರುತು ಹಿಡಿದಂತೆ ತೋರಿಸಿಕೊಳ್ಳಬಾರದು ಎಂಬುದು ಕಟ್ಟಪ್ಪಣೆ. ಒಮ್ಮೆ ಸವಳಂಗದ ಬಸ್‌ಸ್ಟಾಪಿನಲ್ಲಿ ಸುರಿವ ಮಳೆಯಲ್ಲಿ ಮುದುಕಿಯೊಬ್ಬಳು ಮರದ ಹಿಂದೆ ಹೋಗಿ, ತಲೆಯಿಂದ ನೀರಿಳಿಸಿಕೊಂಡು ಬಂದು ನನ್ನ ಪಕ್ಕದಲ್ಲೇ ನಿಂತಳು. ಅವಳ ಚೀಲದಲ್ಲಿ ಸೀಸೆಯ ಕುತ್ತಿಗೆ ಕಾಣುತ್ತಿತ್ತು. ನನ್ನ ಚೀಲದಲ್ಲಿದ್ದದ್ದು ಅವಳಿಗೂ ಕಂಡಿರಬೇಕು. ಇಬ್ಬರೂ ಬೇರೆ ಬೇರೆ ದಿಕ್ಕಿಗೆ ನೋಡುತ್ತ ಬಸ್ಸಿಗಾಗಿ ಕಾದೆವು. ಬಸ್ಸು ಬಂದಾಗ ಅವಳು ನನ್ನ ಬೆನ್ನ ಮೇಲೆ ಒಣಗಿ ಉಳಿದಿದ್ದ ಜಾಗವನ್ನು ತನ್ನ ಒದ್ದೆ ಸೆರಗಿನಿಂದ ಒರೆಸಿ ಮುಂದೆ ಹೋದಳು. ಆಕೆ ಯಾರೆಂದು ನನಗೆ ಗೊತ್ತಾಗಲೇ ಇಲ್ಲ.

ಇಷ್ಟಾದರೂ ಒಮ್ಮೊಮ್ಮೆ ಯಾರಾದರೂ ಸಿಕ್ಕಿಬೀಳುತ್ತಿದ್ದರು. ಅದಕ್ಕೊಂದು ಕಾನೂನಿತ್ತು. ಮೂರೇ ಮಾತಿನದು: ಕಂಡವರು ಜಗಳೂರಿಗೆ ಹೋಗಬೇಕು. ನಮ್ಮವರು ಒಣಮೈಯಲ್ಲಿ ಹೊರಗಿನ ಒಬ್ಬರ ಕಣ್ಣಿಗೆ ಬಿದ್ದರೂ ಸಾಕು, ಗಂಟು ಮೂಟೆ ಕಟ್ಟಬೇಕು. ಆ ಕಾನೂನು ನಡೆಸುತ್ತಿದ್ದವಳು ಜಗಳೂರಿನಲ್ಲಿದ್ದ ನಮ್ಮ ಸೋದರತ್ತೆ. ಗಂಡನಿಲ್ಲ, ಮಕ್ಕಳಿಲ್ಲ. ಇಡೀ ಬಳಗದ ಮದುವೆ, ಮುಂಜಿ, ವರ್ಗಾವಣೆ ಎಲ್ಲವೂ ಆಕೆಯ ನಾಲಿಗೆಯ ತುದಿಯಲ್ಲಿ.

ಎಂಬತ್ತರ ದಶಕ ಶುರುವಾಗುವ ಹೊತ್ತಿಗೆ ತಂಗಿ ನರ್ಸ್ ತರಬೇತಿ ಮುಗಿಸಿದಳು. ಹೊನ್ನಾಳಿಯಿಂದ ಐದಾರು ಮೈಲಿ ದೂರದ ಹಳ್ಳಿಗಳಿಗೆ ಓಡಾಡಿ ಹೆರಿಗೆ ಮಾಡಿಸುವ, ಮಕ್ಕಳಿಗೆ ಸೂಜಿ ಹಾಕುವ ಕೆಲಸ ಸಿಕ್ಕಿತು. ನಾನು ಆಗಲೇ ಹೊನ್ನಾಳಿಯಲ್ಲಿ ಪ್ರೈಮರಿ ಶಾಲೆಯ ಮೇಷ್ಟ್ರಾಗಿದ್ದೆ, ಅವಳೂ ನನ್ನ ಮನೆಯಲ್ಲೇ ಇರುವುದೆಂದಾಯಿತು. ಅತ್ತೆ ಬಸ್ಸು ಹತ್ತಿ ಬಂದಳು.

"ಮಳೆ ಗಾಳಿ ಅನ್ನದೆ ಊರೂರು ತಿರುಗೋ ನೌಕರಿ ನಮ್ಮ ಹುಡುಗಿಗೆ ಯಾಕೆ? ಜಗಳೂರಾಗೆ ಹುಡುಗ ನೋಡಿಟ್ಟೀನಿ" ಎಂದಳು.

ತಂಗಿ ಅಳಲಿಲ್ಲ, ಕೂಗಾಡಲಿಲ್ಲ. "ಎರಡು ಮಳೆಗಾಲ ನೋಡು ಅತ್ತೆ. ಒಬ್ರಾದ್ರೂ ನನ್ನ ನೋಡಿದ್ರೆ ನಾನೇ ಬಂದು ನೀನು ಹೇಳಿದ ಮನೆಯಾಗೆ ಸೇರು ಒದೀತೀನಿ. ಇಲ್ಲಂದ್ರೆ ನನ್ನ ಪಾಡಿಗೆ ನನ್ನ ಬಿಡು" ಎಂದಳು.

ಅತ್ತೆ ನನ್ನ ಕಡೆ ತಿರುಗಿದಳು. "ಸರಿ. ನೀನು ಕಾಯಿ ಇವಳನ್ನ. ಏನಾದ್ರೂ ಆತು ಅಂದ್ರೆ ನಂಗೆ ಕಾಗ್ದ ಹಾಕು." ಹೀಗೆ ನಾನು ಕಾವಲುಗಾರನಾದೆ. ಆ ಕೆಲಸ ನನಗೆ ಹಿಡಿಸಿತು ಎಂಬುದನ್ನೂ ಹೇಳಬೇಕು. ಮನೆಯಲ್ಲಿ ದೊಡ್ಡವನು ಎನ್ನುವುದಕ್ಕೆ ಅಲ್ಲಿಯವರೆಗೆ ನನಗೆ ಬೇರೆ ಯಾವ ಗುರುತೂ ಇರಲಿಲ್ಲ.

ಮೊದಲ ಮಳೆಗಾಲ ಸುಸೂತ್ರವಾಗಿ ಕಳೆಯಿತು. ತಂಗಿ ಬೆಳಿಗ್ಗೆ ಬಸ್ಸಿನಲ್ಲೋ ಸಿಕ್ಕ ಗಾಡಿಯಲ್ಲೋ ಹೋಗುವಳು, ಸಂಜೆ ಕೆಸರು ಮೆತ್ತಿದ ಕಾಲಿನಲ್ಲಿ ಬರುವಳು. ಕೆಸರು ನಮಗೂ ಅಂಟುತ್ತದೆ, ಅದೊಂದು ಪುಣ್ಯ. ಶಾಲೆ ಇಲ್ಲದ ದಿನ ಅವಳ ಹಿಂದೆ ನಾನೂ ಹೋಗಿ ನೋಡುತ್ತಿದ್ದೆ. ತಪ್ಪು ಹುಡುಕಲೆಂದೇ ಹೋಗುತ್ತಿದ್ದೆ. ಒಂದೂ ಸಿಗುತ್ತಿರಲಿಲ್ಲ.

ನನಗೆ ಭಯವಿದ್ದದ್ದು ಅವಳು ಹೆಚ್ಚಾಗಿ ಹೋಗುತ್ತಿದ್ದ ಒಂದು ಹಳ್ಳಿಯ ಸೂಲಗಿತ್ತಿಯದು. ವಯಸ್ಸಾದ ಹೆಂಗಸು, ಒಣಗಿದ ಮೈ, ನೆಟ್ಟ ನೋಟ ಕದಲಿಸದ ಕಣ್ಣು. ತಂಗಿ ಬರುವ ಮುಂಚೆ ಸುತ್ತಲಿನ ಊರುಗಳ ಹೆರಿಗೆಯೆಲ್ಲ ಹೆಚ್ಚುಕಡಿಮೆ ಈ ಮುದುಕಿಯ ಕೈಯಲ್ಲೇ ಆಗುತ್ತಿತ್ತು. ಈಗ ಜನ ಮೊದಲು ನನ್ನ ತಂಗಿಯನ್ನು ಕರೆಯುತ್ತಿದ್ದರು, ಮುದುಕಿ ಪಕ್ಕದಲ್ಲಿ ಕೂತು ಬಿಸಿನೀರು ಕಾಸುತ್ತಿದ್ದಳು. ಹೊಟ್ಟೆಕಿಚ್ಚಿಗೆ ಇಷ್ಟು ಸಾಲದೇ? "ಆ ಮುದುಕಿ ಮುಂದೆ ಮಾತ್ರ ಹುಷಾರು" ಎಂದು ದಿನಾ ಹೇಳುತ್ತಿದ್ದೆ. ತಂಗಿ "ಪಾಪ, ಒಳ್ಳೇಕಿ ಕಣೋ" ಎಂದು ನಕ್ಕುಬಿಡುತ್ತಿದ್ದಳು.

ಎರಡನೆಯ ಮಳೆಗಾಲವೂ ಮುಗಿಯುತ್ತ ಬಂದಿತ್ತು. ಉತ್ತರೆ ಮಳೆಯ ದಿನಗಳು. ಎತ್ತಿನ ಒಂದು ಕೊಂಬು ನೆನೆದರೆ ಇನ್ನೊಂದು ಒಣಗಿರುತ್ತದೆ ಎನ್ನುತ್ತಾರಲ್ಲ, ಅಂಥ ಮಳೆ. ಶಾಲೆಗೆ ರಜೆಯಿದ್ದ ಒಂದು ಮಧ್ಯಾಹ್ನ ಹೊನ್ನಾಳಿಯಲ್ಲಿ ಜೋರಾಗಿ ಸುರಿಯುತ್ತಿತ್ತು. ನೋಡಿದರೆ ತಂಗಿಯ ಛತ್ರಿ ಮನೆಯ ಮೂಲೆಯಲ್ಲೇ ಇದೆ. ನನಗೆ ಪಿತ್ತ ನೆತ್ತಿಗೇರಿತು. ಛತ್ರಿ ಇಲ್ಲದೆ ಹೋಗುವುದೆಂದರೇನು, ಇವಳಿಗೆ ಪೊಗರು ಬಂದಿದೆ, ಇವತ್ತು ಸರಿಯಾಗಿ ಬೈಯಬೇಕು ಎಂದು ಸೈಕಲ್ ಹತ್ತಿದೆ. ದಾರಿಯುದ್ದಕ್ಕೂ ಏನೇನು ಬೈಯಬೇಕೆಂದು ಮನಸ್ಸಿನಲ್ಲೇ ಜೋಡಿಸುತ್ತ ತುಳಿದೆ.

ಮಳೆ ಮೈಗೆ ತಾಗುವವರಿಗೆ ಅದು ನಿಂತದ್ದು ತಾನಾಗಿಯೇ ತಿಳಿಯುತ್ತದೆ. ನಮಗೆ ತಿಳಿಯುವುದಿಲ್ಲ. ಕಣ್ಣು ಬಿಟ್ಟು ನೋಡಬೇಕು, ಕಿವಿಗೊಟ್ಟು ಕೇಳಬೇಕು. ಸಿಟ್ಟಿನಲ್ಲಿದ್ದವನಿಗೆ ಕಣ್ಣೂ ಇಲ್ಲ, ಕಿವಿಯೂ ಇಲ್ಲ. ಹಳ್ಳಿಯ ಹೊರಗೆ ಹುಲ್ಲಿನ ಬಣವೆ ಕಂಡಿತು. ರೂಢಿಯಂತೆ ಅದರ ಮರೆಗೆ ಹೋಗಿ, ಸೀಸೆಯ ಅಷ್ಟೂ ನೀರನ್ನು ತಲೆಯ ಮೇಲೆ ಸುರಿದುಕೊಂಡು, ಎರಡು ಸಲ ಸೀನಿ, ಊರೊಳಗೆ ಹೋದೆ.

ಊರಲ್ಲಿ ಬಿಸಿಲು ಚುರುಗುಟ್ಟುತ್ತಿತ್ತು. ಒಂದು ಹನಿಯೂ ಬಿದ್ದಿರಲಿಲ್ಲ. ನನ್ನ ಸೈಕಲ್ಲಿನ ಹಿಂದೆ ಧೂಳು ಏಳುತ್ತಿತ್ತು. ಕಟ್ಟೆಯ ಮೇಲೆ ತಂಗಿ ಮಕ್ಕಳಿಗೆ ಸೂಜಿ ಹಾಕುತ್ತಿದ್ದಳು, ಸುತ್ತ ಹತ್ತಿಪ್ಪತ್ತು ಹೆಂಗಸರು. ಎಲ್ಲರೂ ಅಳುವ ಮಕ್ಕಳನ್ನು ಬಿಟ್ಟು ನನ್ನನ್ನೇ ನೋಡಿದರು.

"ಏನ್ ಮೇಷ್ಟ್ರೇ, ಹಿಂಗೆ ತೊಯ್ದೀರಿ?" ಎಂದು ಒಬ್ಬಾಕೆ ಕೇಳಿದಳು.

"ಮಳೆಗೆ ಸಿಕ್ಕೊಂಡೆ. ಹೊನ್ನಾಳಿಯಾಗೆ" ಎಂದೆ.

ಸೂಲಗಿತ್ತಿ ಎಲೆ ಅಡಿಕೆ ಜಗಿಯುತ್ತ ಕೂತಿದ್ದಳು. "ಹೊನ್ನಾಳಿಯಿಂದ ಇಲ್ಲಿ ತನಕ ಬಿಸಿಲಾಗೆ ತುಳ್ಕೊಂಡು ಬಂದೀರಿ. ಇನ್ನೂ ತೊಟ್ಟಿಕ್ತೈತಲ್ರೀ" ಎಂದಳು.

"ಅಲ್ಲ, ಆಮೇಲೆ ಗದ್ದೆ ಪಕ್ಕದ ಚಾನಲ್ಲಿಗೆ ಬಿದ್ದೆ."

"ಚೀಲ ಒಣಗೈತೆ."

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಎನ್ನುವ ಹಾಗೆ ನಾನು ಚೀಲವನ್ನು ಬೆನ್ನ ಹಿಂದೆ ಸರಿಸಿದೆ. ಆಗ ತಂಗಿ ಸೂಜಿಯಿಂದ ಕಣ್ಣೆತ್ತದೆ ಹೇಳಿದಳು: "ನಮ್ಮಣ್ಣಂಗೆ ಬಿಸ್ಲು ತಡಿಯಾಕೆ ಆಗಂಗಿಲ್ಲ. ಎಲ್ಲಿ ನೀರು ಕಂಡ್ರೂ ಎಮ್ಮೆ ಹಂಗೆ ನಿಂತ್ಕೊಂಡು ತಲೆ ಮ್ಯಾಲೆ ಹುಯ್ಕೊತಾನೆ. ನಿಮ್ಮ ಮುಂದೆ ಹೇಳಾಕೆ ನಾಚ್ಕೆ ಅವಂಗೆ."

ಹೆಂಗಸರೆಲ್ಲ ಹೊಟ್ಟೆ ಹಿಡಿದುಕೊಂಡು ನಕ್ಕರು. ಸೂಲಗಿತ್ತಿ ಮಾತ್ರ ನಗಲಿಲ್ಲ.

ತಂಗಿ ನನ್ನನ್ನು ಉಳಿಸಿದ್ದಳು. ನಾನು ಸಂತೋಷಪಡಬೇಕಿತ್ತು. ನನಗೆ ಬಂದದ್ದು ಸಿಟ್ಟು. ಕಾಯುವವನು ನಾನು, ನನ್ನನ್ನು ಎಮ್ಮೆ ಮಾಡಿ ಕಾದವಳು ಅವಳು. ಮನೆಗೆ ಬಂದವನೇ ಅತ್ತೆಗೆ ಕಾಗದ ಬರೆದೆ. ಇಲ್ಲಿಯ ಜನಕ್ಕೆ ಅನುಮಾನ ಬಂದಿದೆ, ಹುಡುಗಿಯನ್ನು ಬೇಗ ಕರೆಸಿಕೊಳ್ಳುವುದು ಒಳ್ಳೆಯದು ಎಂದು ಬರೆದೆ. ಅನುಮಾನ ಯಾರ ಮೇಲೆ ಬಂದಿದೆ ಎಂದು ಬರೆಯಲಿಲ್ಲ. ಬರೆದ ಸಾಲುಗಳಲ್ಲಿ ಒಂದೂ ಸುಳ್ಳಿರಲಿಲ್ಲ, ಅದಕ್ಕೇ ಅದನ್ನು ಹಿಂದೆಮುಂದೆ ನೋಡದೆ ಅಂಚೆಪೆಟ್ಟಿಗೆಗೆ ಹಾಕಿದೆ. ಬೇಲಿಯೇ ಎದ್ದು ಹೊಲ ಮೇಯ್ದದ್ದು ಎಂದರೆ ಇದೇ.

ಅದಾದ ಮೂರು ದಿನಕ್ಕೆ ಭಾನುವಾರ. ತಂಗಿಯ ಜೊತೆ ನಾನೂ ಆ ಹಳ್ಳಿಗೆ ಹೋಗಿದ್ದೆ. ಮಧ್ಯಾಹ್ನದ ಹೊತ್ತಿಗೆ ಹೊಲದ ಗುಡಿಸಲಿನಲ್ಲಿದ್ದ ಕೂಲಿಯವನೊಬ್ಬ ಓಡಿಬಂದ. ಹೆಂಡತಿಗೆ ದಿನ ತುಂಬುವ ಮೊದಲೇ ನೋವು ಬಂದಿತ್ತು. ನಾವು ಹೋಗುವಷ್ಟರಲ್ಲಿ ಸೂಲಗಿತ್ತಿ ಅಲ್ಲಿದ್ದಳು. ಸ್ವಲ್ಪ ಹೊತ್ತಿಗೆ ಹೆಣ್ಣುಮಗು ಹುಟ್ಟಿತು, ಅಂಗೈಯಗಲದ್ದು. ತಾಯಿಗೆ ರಕ್ತ ನಿಲ್ಲಲಿಲ್ಲ. ಹೊನ್ನಾಳಿಯ ಆಸ್ಪತ್ರೆಗೆ ಸೇರಿಸಲೇಬೇಕು ಎಂದು ತಂಗಿ ಹೇಳುತ್ತಿದ್ದ ಹಾಗೆಯೇ ಮಳೆ ಹಿಡಿಯಿತು. ಆ ವರ್ಷ ಅಂಥ ಮಳೆಯನ್ನು ನಾನು ನೋಡಿರಲಿಲ್ಲ.

ಕೂಲಿಯವನು ಎತ್ತಿನ ಗಾಡಿ ಹೂಡಿ ತಂದ. ಅದಕ್ಕೆ ಕಮಾನಿರಲಿಲ್ಲ. ಹುಲ್ಲು ಹಾಸಿ, ತಾಯಿಯನ್ನು ಮಲಗಿಸಿ, ಗೋಣಿಚೀಲ ಹೊದಿಸುವಷ್ಟರಲ್ಲಿ ಎಲ್ಲವೂ ತೊಯ್ದುಹೋಯಿತು. ಸೂಲಗಿತ್ತಿ ಗಾಡಿಯಲ್ಲಿ ಕೂತು ಅವಳ ತಲೆಯನ್ನು ತೊಡೆಯ ಮೇಲೆ ಇಟ್ಟುಕೊಂಡಳು. ಮಗುವನ್ನು ಆ ಗಾಡಿಯಲ್ಲಿ ಹಾಕುವುದೂ ಹೊಂಡಕ್ಕೆ ಹಾಕುವುದೂ ಒಂದೇ ಆಗಿತ್ತು.

ತಂಗಿ ಮಗುವನ್ನು ಬಟ್ಟೆಯಲ್ಲಿ ಸುತ್ತಿ ಎದೆಗೆ ಒತ್ತಿಕೊಂಡು ಹೊರಟಳು. ನಾನು ಅವಳ ರಟ್ಟೆ ಹಿಡಿದೆ. "ಹುಚ್ಚೇನೇ? ಆ ಮುದುಕಿ ಎದುರಿಗೇ ಕೂತಾಳೆ. ಮಳೆ ನಿಲ್ಲಲಿ" ಎಂದು ಪಿಸುಗುಟ್ಟಿದೆ.

"ಮಗು ತಣ್ಣಗಾಗ್ತೈತೆ. ನನ್ನ ಕೈಯಾಗಿದ್ರೆ ನೆನೆಯಂಗಿಲ್ಲ" ಎಂದಳು.

"ಕಂಡ್ರೆ ಜಗಳೂರು."

"ಹೋಗ್ತೀನಿ ಬಿಡು."

ಎರಡು ವರ್ಷ ಒಂದು ಹನಿಯ ಲೆಕ್ಕವನ್ನೂ ತಪ್ಪದೆ ಕಾಪಾಡಿಕೊಂಡಿದ್ದ ನೌಕರಿಯನ್ನು ಅವಳು ಇಷ್ಟೇ ಮಾತಿನಲ್ಲಿ ಬಿಟ್ಟುಕೊಟ್ಟಳು. ಕೈ ಬಿಡಿಸಿಕೊಂಡು ಮಳೆಗಿಳಿದಳು. ನಾನು ಛತ್ರಿ ಬಿಚ್ಚಿಕೊಂಡು ಹಿಂದೆ ಓಡಿದೆ. ಹಳ್ಳದ ಸೇತುವೆಯ ಮೇಲೆ ಗಾಳಿ ಬೀಸಿ ಛತ್ರಿ ಮಗುಚಿ, ಕೈಯಿಂದ ಕಿತ್ತುಕೊಂಡು ಹಾರಿಹೋಯಿತು. ಅಲ್ಲಿಂದ ಮುಂದಕ್ಕೆ ನಾವಿಬ್ಬರೂ ಗಾಡಿಯ ಹಿಂದೆ ಬಟಾಬಯಲಿನಲ್ಲಿ ನಡೆದೆವು. ಮಗುವಿನ ಅಪ್ಪ ತಲೆಗೆ ಕಂಬಳಿಯ ಗೊಪ್ಪೆ ಹಾಕಿಕೊಂಡು ಎತ್ತುಗಳನ್ನೇ ನೋಡುತ್ತಿದ್ದ. ಸೂಲಗಿತ್ತಿ ನಮಗೆ ಮುಖ ಮಾಡಿ ಕೂತಿದ್ದಳು. ನಾಲ್ಕು ಮೈಲಿ ಅವಳು ನಮ್ಮನ್ನು ನೋಡಿದಳು. ತಂಗಿಯ ಸೀರೆ ಗಾಳಿಗೆ ಹಾರುತ್ತಿತ್ತು, ಒಣಗಿದ ಸೀರೆ ಹಾರುವ ಹಾಗೆ. ನಾನು ಎರಡು ಸಲ ಸೀನಿದೆ. ಅದರಿಂದ ಏನೂ ಪ್ರಯೋಜನವಿರಲಿಲ್ಲ.

ಆಸ್ಪತ್ರೆಯ ಗೇಟಿನ ಹತ್ತಿರ ಗಾಡಿ ನಿಂತಿತು. ಗಂಡ ಮತ್ತು ಒಳಗಿನಿಂದ ಬಂದ ಇಬ್ಬರು ಸೇರಿ ತಾಯಿಯನ್ನು ಎತ್ತಿಕೊಂಡು ಹೋದರು. ವರಾಂಡದ ತುಂಬ ಮಳೆಗೆ ಸಿಕ್ಕಿಕೊಂಡ ಜನ. ನಾವು ಮೂವರು ಕಾಂಪೌಂಡಿನ ಗೋಡೆಯ ಈಚೆಗಿದ್ದೆವು, ಪಕ್ಕದಲ್ಲಿ ಎತ್ತುಗಳಿಗೆ ನೀರು ಕುಡಿಸುವ ತೊಟ್ಟಿ. ತಂಗಿ ಒಳಗೆ ಹೋಗಲು ಹೆಜ್ಜೆ ಇಟ್ಟಳು. ಸೂಲಗಿತ್ತಿ ಅಡ್ಡ ನಿಂತಳು.

ಆಯಿತು ನಮ್ಮ ಕಥೆ ಎಂದುಕೊಂಡೆ.

"ಮಗೀನ ನಿಮ್ಮಣ್ಣನ ಕೈಗೆ ಕೊಡ್ರಿ" ಎಂದಳು ಸೂಲಗಿತ್ತಿ. "ಅವರ ಕೈಯಾಗೂ ನೆನೆಯಂಗಿಲ್ಲ."

ತಂಗಿ ಮಗುವನ್ನು ನನ್ನ ಕೈಗೆ ಕೊಟ್ಟಳು. ಮುದುಕಿ ಗಾಡಿಯಲ್ಲಿದ್ದ ತನ್ನ ಬಿಸಿನೀರಿನ ಚೆಂಬು ತೆಗೆದು ತೊಟ್ಟಿಯಲ್ಲಿ ಅದ್ದಿ, ತಂಗಿಯ ನೆತ್ತಿಯ ಮೇಲೆ ಒಂದು ಚೆಂಬು ಹೊಯ್ದಳು. ಆಮೇಲೆ ಗಾಳಿಯ ಕಡೆಯ ಹೆಗಲಿಗೆ ಎರಡು, ಸೆರಗಿಗೊಂದು, ನೆರಿಗೆಗೊಂದು. ಎಣ್ಣೆ ನೀರು ಹಾಕುವ ತಾಯಿಯ ಹಾಗೆ ಮುಖದ ಮೇಲಿನ ನೀರನ್ನು ಕೈಯಿಂದ ಇಳಿಸಿದಳು. ನಂತರ ನನ್ನ ಹಿಂದೆ ಬಂದು ಬೆನ್ನಿಗೂ ತಲೆಗೂ ಹೊಯ್ದಳು. "ಎದೆ ಒಣಗಿರ್ಲಿ. ಅಲ್ಲಿ ಮಗು ಐತೆ. ಯಾರಾದ್ರೂ ಕೇಳಿದ್ರೆ ಬಗ್ಗಿ ಮುಚ್ಕೊಂಡು ಬಂದ್ವಿ ಅನ್ರಿ. ನಡೀರಿ ಈಗ."

ಮಗು ನನ್ನ ಅಂಗಿಗೆ ಬಾಯಿ ಹಚ್ಚಿ ಏನೋ ಹುಡುಕುತ್ತಿತ್ತು. ಬೆಚ್ಚಗಿತ್ತು. ನನ್ನ ಕಣ್ಣಲ್ಲಿ ನೀರು ಬಂದಿತ್ತು, ಅದು ಯಾರಿಗೂ ಕಾಣಲಿಲ್ಲ.

ತಾಯಿ ಉಳಿದುಕೊಂಡಳು, ಮಗುವೂ ಉಳಿಯಿತು. ತಂಗಿ ಒಳಗಿದ್ದಾಗ ನಾನು ವರಾಂಡದಲ್ಲಿ ಸೂಲಗಿತ್ತಿಯ ಪಕ್ಕ ಕೂತೆ. ಅವಳು ಸೀರೆಯ ಸೆರಗು ಹಿಂಡುತ್ತಿದ್ದಳು. ಎಷ್ಟು ದಿನದಿಂದ ಗೊತ್ತು ಎಂದು ಕೇಳಿದೆ.

"ಹೋದ್ ವರ್ಷ ಆರಿದ್ರಾದಾಗೇ ಗೊತ್ತಾತು. ಮೊದ್ಲಿದ್ದ ನರ್ಸಮ್ಮಾರು ಮೋಡ ಕಂಡ್ರೆ ಬರ್ತಿರಲಿಲ್ಲ. ಅವರ ತಪ್ಪಲ್ಲ, ಅವರೂ ಮನುಷ್ಯರು, ನೆನೆದ್ರೆ ಜ್ವರ ಬರ್ತೈತೆ. ಈಕಿ ಎಂಥಾ ಮಳೆ ಬಂದ್ರೂ ಬರ್ತಾಳೆ. ಒಂದಿನ ಕೆಮ್ಮಿಲ್ಲ, ನೆಗಡಿ ಇಲ್ಲ. ಹೆಂಗೆ ಅಂತ ನೋಡಿದೆ. ಕಂಡ್ತು."

"ಯಾರಿಗೂ ಹೇಳ್ಲಿಲ್ವಾ?"

"ಹೇಳಿದ್ರೆ ನೀವು ಆಕಿನ ಕರ್ಕೊಂಡು ಹೋಗಂಗಿಲ್ವಾ? ಮಳೆಗಾಲದಾಗೆ ನಮಗೆ ಯಾರು ಗತಿ?" ಎಂದಳು. ಸೆರಗನ್ನು ಇನ್ನೊಮ್ಮೆ ಹಿಂಡಿ, "ನನ್ನ ಕೈಯಾಗೆ ಎಷ್ಟೋ ಮಕ್ಕಳು ಹೋಗ್ಯಾವೆ ಮೇಷ್ಟ್ರೇ. ಇವತ್ತಿನ ಮಗೂನೂ ಹೋಗ್ತಿತ್ತು. ಮತ್ತೆ ಇದೇನೂ ನಾನೊಬ್ಬಳ ಮಾತಲ್ಲ. ಊರಾಗಿನ ಹೆಂಗಸರೆಲ್ಲ ಹಂಗೇ ಅಂದ್ಕೊಂಡೀವಿ. ನಾವು ಏನೂ ನೋಡಿಲ್ಲ" ಎಂದಳು.

ಅವತ್ತು ಬಿಸಿಲಿನಲ್ಲಿ ಅವರು ಅಷ್ಟು ಜೋರಾಗಿ ನಕ್ಕದ್ದು ನಮ್ಮನ್ನು ಕಾಪಾಡಲೆಂದೇ ಎಂದು ಆಗ ಹೊಳೆಯಿತು. ಮುದುಕಿ ಅಷ್ಟು ಕೆದಕಿದ್ದೂ ನಾನು ಸುಳ್ಳನ್ನಾದರೂ ನೆಟ್ಟಗೆ ಹೇಳಲಿ ಎಂದೇ ಇರಬೇಕು. ನಾವು ಬಚ್ಚಿಟ್ಟುಕೊಳ್ಳುತ್ತೇವೆ ಎಂದು ಬೀಗುತ್ತಿದ್ದೆವು. ನಮ್ಮನ್ನು ಬಚ್ಚಿಟ್ಟಿದ್ದವರು ಇವರು. ನನಗೆ ನನ್ನ ಕಾಗದ ನೆನಪಾಯಿತು. ಅದು ಆ ಹೊತ್ತಿಗೆ ಜಗಳೂರು ಮುಟ್ಟಿರುತ್ತಿತ್ತು. ಅಷ್ಟು ನಾಚಿಕೆ ನನಗೆ ಜೀವಮಾನದಲ್ಲಿ ಎಂದೂ ಆಗಿಲ್ಲ.

ಬುಧವಾರ ಅತ್ತೆ ದಾವಣಗೆರೆಯಲ್ಲಿ ಬಸ್ಸು ಬದಲಿಸಿ ಬಂದಳು. ಹೊರಗೆ ಮಳೆ ಹನಿಯುತ್ತಿತ್ತು. ಚಾಪೆಯ ಮೇಲೆ ಕೂತು ಚೀಲದಿಂದ ಹುಡುಗನ ಫೋಟೋ ತೆಗೆದಳು, ಅದರ ಪಕ್ಕ ನನ್ನ ಕಾಗದ ಇಟ್ಟಳು. "ಅಣ್ಣ ಬರ್ದಾನೆ. ಮಾತು ಕೊಟ್ಟಿದ್ದಿ. ಬಟ್ಟೆ ಕಟ್ಕೋ" ಎಂದಳು.

ತಂಗಿ ಕಾಗದ ಓದಿದಳು. ಎರಡು ಸಲ ಓದಿದಳೆಂದು ಕಾಣುತ್ತದೆ. ಆಮೇಲೆ ನನ್ನ ಕಡೆ ನೋಡಿದಳು. ಅವಳು ಬೈದಿದ್ದರೆ ತಡೆದುಕೊಳ್ಳಬಹುದಿತ್ತು.

"ಆ ಅನುಮಾನ ಬಂದದ್ದು ನನ್ನ ಮ್ಯಾಲೆ ಅತ್ತೆ" ಎಂದೆ. ಬಣವೆ, ಬಿಸಿಲು, ಚಾನಲ್ಲು, ಚೀಲ ಎಲ್ಲವನ್ನೂ ಒಂದೂ ಬಿಡದೆ ಹೇಳಿದೆ. "ನನ್ನ ಮರ್ಯಾದೆ ಹೋತು ಅಂತ ಅವಳ ಮ್ಯಾಲೆ ಬರೋ ಹಂಗೆ ಬರ್ದೆ."

"ಮತ್ತೆ ಇವಳನ್ನ?" ಅತ್ತೆಯ ಕಣ್ಣು ನನ್ನ ಮೇಲೇ ಇತ್ತು. "ಇವಳನ್ನ ಯಾರೂ ನೋಡಿಲ್ಲ?"

ಅತ್ತೆಯ ಮುಂದೆ ನಾನು ಅಲ್ಲಿಯವರೆಗೆ ಸುಳ್ಳು ಹೇಳಿದವನಲ್ಲ. "ಆ ಊರಾಗೆ ಯಾರನ್ನ ಬೇಕಾದ್ರೂ ಕೇಳು. ಯಾರೂ ಏನೂ ನೋಡಿಲ್ಲ" ಎಂದೆ.

ತಂಗಿ ಕಾಗದವನ್ನು ಮಡಿಚಿ ಅತ್ತೆಯ ಮುಂದಿಟ್ಟು, ಮೆಲ್ಲಗೆ ಕೇಳಿದಳು: "ಅತ್ತೆ, ಕಂಡವರು ಜಗಳೂರಿಗೆ ಅಂತಾರಲ್ಲ. ಅದು ಹೆಣ್ಮಕ್ಕಳಿಗೆ ಮಾತ್ರಾನಾ?"

ಆ ಪ್ರಶ್ನೆಯನ್ನು ಅಲ್ಲಿಯವರೆಗೆ ಯಾರೂ ಕೇಳಿರಲಿಲ್ಲವೆಂದು ತೋರುತ್ತದೆ. ಅತ್ತೆ ಒಳಗೊಳಗೇ ಬಳಗದ ಹಳೆಯದನ್ನೆಲ್ಲ ತಿರುವಿ ಹಾಕುತ್ತಿದ್ದಳು. ಕೊನೆಗೆ, "ಹಂಗಂತ ಯಾರೂ ಹೇಳಿಲ್ಲ" ಎಂದಳು. ಹುಡುಗನ ಫೋಟೋ ಎತ್ತಿ ಚೀಲಕ್ಕೆ ಹಾಕಿಕೊಂಡು, ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು. "ಅಲ್ಲೂ ಇಸ್ಕೂಲು ಐತೆ. ವರ್ಗಕ್ಕೆ ಬರಿ. ನಿಂಗೂ ಅಲ್ಲೇ ಒಂದು ಹೆಣ್ಣು ನೋಡೋಣ."

ಮಾಡಿದ್ದುಣ್ಣೋ ಮಹರಾಯ. ನಾನು ತಲೆ ತಗ್ಗಿಸಿ ಕೂತೆ. ತಂಗಿ ಎದ್ದು ಹೋಗಿ ಅಟ್ಟದಿಂದ ನನ್ನ ಟ್ರಂಕು ಇಳಿಸಿ, ಧೂಳು ಒರೆಸಿ, ನನ್ನ ಅಂಗಿಗಳನ್ನು ಒಂದೊಂದಾಗಿ ಮಡಿಚಿ ಇಡತೊಡಗಿದಳು. ಹೋಗಲು ಇನ್ನೂ ತಿಂಗಳುಗಳಿದ್ದವು.

"ಸಿಟ್ಟೇನೇ?" ಎಂದು ಕೇಳಿದೆ.

"ಹೂಂ" ಎಂದಳು. "ಭಾಳ ಐತೆ. ಹೋಗಾಕೆ ಟೈಮ್ ಹಿಡೀತೈತೆ."

ಬಾಗಿಲಲ್ಲಿ ಯಾರೋ ನರ್ಸಮ್ಮ ಎಂದು ಕೂಗಿದರು. ಮಳೆ ಜೋರಾಗಿತ್ತು. ತಂಗಿ ಕೈಯಲ್ಲಿದ್ದ ಅಂಗಿಯನ್ನು ಟ್ರಂಕಿನ ಮೇಲೆ ಬಿಟ್ಟು, ತನ್ನ ಚೀಲ ತೆಗೆದುಕೊಂಡು ಹೊರಟುಹೋದಳು. ಅತ್ತೆ ಎದ್ದು ಹೊಸ್ತಿಲಿಗೆ ಬಂದಳು. ಬೀದಿಯ ತಿರುವಿನಲ್ಲಿ ತಂಗಿ ಮರೆಯಾಗುವವರೆಗೆ ನೋಡಿದಳು.

"ನಾನು ಹಿಂಗೆ ಮಳೆಯಾಗೆ ನಡ್ದು ಮೂವತ್ತು ವರ್ಷ ಆತು" ಎಂದಳು. ನನಗೆ ಹೇಳಿದ್ದಲ್ಲ.

ಆಮೇಲೆ ಒಂದು ಮೆಟ್ಟಿಲು ಇಳಿದಳು. ಇನ್ನೊಂದು ಇಳಿದಳು. ಸೀಸೆಯಿಲ್ಲದೆ, ಛತ್ರಿಯಿಲ್ಲದೆ, ಹಾಡುಹಗಲಿನಲ್ಲಿ ಬೀದಿಯ ನಡುವೆ ಹೋಗಿ, ಮುಖ ಮೇಲೆತ್ತಿ ನಿಂತಳು. ಎದುರು ಮನೆಯ ಕಿಟಕಿ ತೆರೆದಿತ್ತು. ಒಳಗೆ ಬಾ ಎಂದು ಕರೆಯಬೇಕು ಎನ್ನಿಸಿತು. ನಾನು ಕರೆಯಲಿಲ್ಲ.